ಇಪ್ಪತ್ತೆರಡು ಕೋರ್‌ಗಳ ಸದ್ದು

ಮಿಡಿಗೇಶಿ
8 ಜುಲೈ 2024

ಪ್ರೀತಿಯ ಮಧುಶ್ರೀ,

ನಿನ್ನ ವನಜಾಕ್ಷಿ ಮೇಡಂ ಬರೆಯುತ್ತಿರುವ ಪತ್ರವಿದು. ಹತ್ತನೆಯ ತರಗತಿಯಲ್ಲಿ ನಿನ್ನ ಗಣಿತದ ಪುಸ್ತಕ ತಿದ್ದುವಾಗ ನನ್ನ ಕೆಂಪು ಪೆನ್ನಿಗೆ ಕೆಲಸವೇ ಸಿಗುತ್ತಿರಲಿಲ್ಲ. ಈಗ ವಾರಂಗಲ್‌ನಲ್ಲಿ ಎಂ.ಟೆಕ್. ಓದುತ್ತಿದ್ದೀಯೆ, ಅಲ್ಲಿಯೂ ನೀನೇ ಮೊದಲಿಗಳು ಎಂದು ನಿನ್ನ ತಾಯಿ ಹೇಳಿದರು. ನನಗೆ ಆಶ್ಚರ್ಯವಾಗಲಿಲ್ಲ.

ನಿವೃತ್ತಳಾದ ಮೇಲೆ ನಾವು ಆರು ಮಂದಿ ಹೆಂಗಸರು ಸೇರಿ 'ದನಿಪುಸ್ತಕ ಬಳಗ' ಕಟ್ಟಿಕೊಂಡಿದ್ದೇವೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ಕಣ್ಣು ಕಾಣದ ಹನ್ನೊಂದು ಮಕ್ಕಳಿಗಾಗಿ ಪಠ್ಯಪುಸ್ತಕಗಳನ್ನು ಗಟ್ಟಿಯಾಗಿ ಓದಿ, ರೆಕಾರ್ಡ್ ಮಾಡಿ, ಮೆಮೊರಿ ಕಾರ್ಡಿಗೆ ತುಂಬಿ, ಬೆಂಕಿಪೊಟ್ಟಣದಲ್ಲಿಟ್ಟು ಬಸ್ ಕಂಡಕ್ಟರ್ ಕೈಗೆ ಕೊಡುತ್ತೇವೆ. ಕೋಟೆಯ ಬುಡದಲ್ಲಿ ಪಂಚಾಯ್ತಿಯವರು ಒಂದು ಕಲ್ಲಿನ ಕೋಣೆ ಕೊಟ್ಟಿದ್ದಾರೆ. ಗೋಡೆ ಎಷ್ಟು ದಪ್ಪವೆಂದರೆ ಬಸ್ಸಿನ ಹಾರನ್ನೂ ಒಳಗೆ ಬರುವುದಿಲ್ಲ.

ನಮ್ಮ ಕ್ರಮ ಹೀಗೆ. ಹೊಲಿಗೆ ಕೆಲಸದ ಸಿದ್ದಗಂಗಮ್ಮ ಓದುತ್ತಾಳೆ. ತಪ್ಪಿದರೆ ಹುಣಸೆಬೀಜದಿಂದ ಸ್ಟೀಲಿನ ತಟ್ಟೆಗೆ ಒಂದು ಸಲ ಕುಟ್ಟಿ, ವಾಕ್ಯವನ್ನು ಮೊದಲಿನಿಂದ ಓದುತ್ತಾಳೆ. ಆ ಟಕ್ ಸದ್ದು ಪರದೆಯ ಮೇಲೆ ಧ್ವನಿಯ ಗೆರೆಯಲ್ಲಿ ಮುಳ್ಳಿನಂತೆ ಎದ್ದು ಕಾಣುತ್ತದೆ. ನಾನು ಮುಳ್ಳು ಹುಡುಕಿಕೊಂಡು ಹೋಗಿ ತಪ್ಪನ್ನು ಕತ್ತರಿಸುತ್ತೇನೆ.

ಈ ಸಾಲಿನ ತುರ್ತು ಮದಲೂರಿನ ಗಂಗಲಕ್ಷ್ಮಿಯದು. ಹತ್ತನೆಯ ತರಗತಿ. ವಿಜ್ಞಾನದ ಬದಲು ಸುಲಭದ ವಿಷಯ ತೆಗೆದುಕೋ ಎಂದವರಿಗೆ, "ಸುಲಭದ್ದು ನಿಮ್ ಮಗಳಿಗೆ ಕೊಡ್ಸಿ" ಎಂದಿದ್ದಾಳೆ. ವಿಜ್ಞಾನದ ಪುಸ್ತಕ ಪೂರ್ತಿ ಅವಳ ಕಿವಿಗೆ ಬೀಳದಿದ್ದರೆ ಮಾರ್ಚ್-ಏಪ್ರಿಲ್ ಪರೀಕ್ಷೆ ಅವಳ ಕೈತಪ್ಪುತ್ತದೆ. ನಮ್ಮ ಲ್ಯಾಪ್‌ಟಾಪ್ ಸತ್ತಿದೆ. ದಾನಿಯೊಬ್ಬರು ಹೊಸ ಯಂತ್ರ ಕೊಡಿಸುತ್ತಾರೆ. ಮಧುಗಿರಿಯ ಬಸ್‌ಸ್ಟ್ಯಾಂಡ್ ಹತ್ತಿರ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ಪಾಲಾಕ್ಷ, ನಿನ್ನ ಸಹಪಾಠಿಯೇ, ಗೇಮಿಂಗ್ ಪ್ರೊಸೆಸರ್ ಹಾಕಿದ ಡೆಸ್ಕ್‌ಟಾಪ್ ಸಾಕೆನ್ನುತ್ತಾನೆ. ತುಮಕೂರಿನ ವ್ಯಾಪಾರಿಯೊಬ್ಬರು ಅದೇ ಬೆಲೆಗೆ, ಯಾವುದೋ ಕಂಪನಿ ಬಿಟ್ಟ ಸರ್ವರ್ ಪ್ರೊಸೆಸರ್ ಯಂತ್ರ ಕೊಡುತ್ತಾರಂತೆ. ಯಾವುದು ಕೊಳ್ಳಲಿ? ದೊಡ್ಡ ಖರೀದಿಗೆ ಬಲ್ಲವರ ಬರಹ ಬೇಕೆಂಬುದು ಬಳಗದ ನಿಯಮ. ಅದಕ್ಕೇ ಫೋನು ಮಾಡದೆ ಪತ್ರ ಬರೆಯುತ್ತಿದ್ದೇನೆ. ಪಾಲಾಕ್ಷ ಒಂದು ಮಾತು ಸೇರಿಸಲು ಹೇಳಿದ್ದಾನೆ: "ಮಿಷನ್ನು ಎಲ್ಲಿ ಇಕ್ತೀವಿ ಅಂತ ಆಯಮ್ಮಂಗೆ ಹೇಳಿ ಮೇಡಂ. ಅದು ಗೊತ್ತಾಗ್ದೆ ಹೆಂಗೆ ಹೇಳಕ್ಕಾಯ್ತದೆ?" ಬೀಗ ಹಾಕಲು ಬರುವುದು ಆ ಕಲ್ಲಿನ ಕೋಣೆಯೊಂದೇ. ಅಲ್ಲಿಯೇ ಇಡುತ್ತೇವೆ.

ನಿನ್ನ ಏಳಿಗೆ ಬಯಸುವ
ವನಜಾಕ್ಷಿ


ವಾರಂಗಲ್
17 ಜುಲೈ 2024

ಪೂಜ್ಯ ಮೇಡಂ ಅವರಿಗೆ ನಮಸ್ಕಾರಗಳು.

ತಮ್ಮ ಪತ್ರವನ್ನು ಓದಿ, ತಾವು ನನ್ನನ್ನು ನೆನೆದುದಕ್ಕಾಗಿ ಹೆಮ್ಮೆಪಟ್ಟೆ. ಹುಣಸೆಬೀಜದ ವಿವರಕ್ಕೆ ನಗು ಬಂದಿತು. ಇನ್ನು ಮುಂದೆ ಅಂತಹ ಕಷ್ಟಗಳಿಗೆ ಕಾರಣವಿರುವುದಿಲ್ಲ.

ಬಳಗದ ಕಡತಕ್ಕೆ ನನ್ನ ಅಭಿಪ್ರಾಯವಿದು. ಗೇಮಿಂಗ್ ಪ್ರೊಸೆಸರಿನಲ್ಲಿರುವುದು ಎಂಟು ಕೋರ್, ಅಂದರೆ ಕೆಲಸ ಮಾಡುವ ಎಂಟು ಮಿದುಳು. ಸರ್ವರ್ ಪ್ರೊಸೆಸರಿನಲ್ಲಿ ಇಪ್ಪತ್ತೆರಡು. ಒಂದೇ ಹೊಲಕ್ಕೆ ಎಂಟು ನೇಗಿಲು ಹೂಡುವುದು ಲೇಸೋ, ಇಪ್ಪತ್ತೆರಡು ಹೂಡುವುದು ಲೇಸೋ, ತಾವೇ ಹೇಳಬೇಕು. ಗೇಮಿಂಗ್ ಪ್ರೊಸೆಸರನ್ನು ಆಟದ ಪರದೆ ವೇಗವಾಗಿ ಓಡಲೆಂದು ಮಾಡಿರುತ್ತಾರೆ. ಸರ್ವರ್ ಪ್ರೊಸೆಸರ್ ಹಗಲಿರುಳು ನಿಲ್ಲದೆ ದುಡಿಯುತ್ತದೆ. ಅದರೊಂದಿಗೆ ಬರುವ ಮೆಮೊರಿಗೆ ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುವ ಶಕ್ತಿಯಿದೆ. ಮಕ್ಕಳ ಭವಿಷ್ಯವನ್ನು ಹೊರುವ ಯಂತ್ರಕ್ಕೆ ಈ ಗುಣ ಇರಲೇಬೇಕು.

ಯಂತ್ರವನ್ನು ಎಲ್ಲಿಡುತ್ತೀರೆಂಬ ಪ್ರಶ್ನೆ ಪ್ರೊಸೆಸರಿನ ಆಯ್ಕೆಗೆ ಸಂಬಂಧಪಟ್ಟದ್ದಲ್ಲ. ಅದು ಹುಡುಗರಿಗೆ ಬಣ್ಣದ ದೀಪದ ಪೆಟ್ಟಿಗೆ ಮಾರುವ ಅಂಗಡಿಯವರ ಪ್ರಶ್ನೆ. ಪಾಲಾಕ್ಷ ಹತ್ತನೆಯ ತರಗತಿಯಲ್ಲಿ ನನ್ನ ಉತ್ತರಪತ್ರಿಕೆಯತ್ತ ಕುತ್ತಿಗೆ ಚಾಚುತ್ತಿದ್ದುದು ನನಗೆ ನೆನಪಿದೆ. ಈ ವಿಷಯದಲ್ಲಿಯೂ ಅವನು ನನ್ನ ಉತ್ತರವನ್ನೇ ನೋಡಿ ಬರೆದುಕೊಳ್ಳುವುದು ಕ್ಷೇಮ.

ಸರ್ವರ್ ಪ್ರೊಸೆಸರನ್ನೇ ಕೊಳ್ಳಿರಿ.

ತಮ್ಮ ವಿದ್ಯಾರ್ಥಿನಿ
ಮಧುಶ್ರೀ


ಮಿಡಿಗೇಶಿ
5 ಆಗಸ್ಟ್ 2024

ಪ್ರೀತಿಯ ಮಧುಶ್ರೀ,

ಯಂತ್ರ ಬಂದಿತು. ಹಾಸಿಗೆಯ ಹಾಗೆ ಅಗಲ, ಚಪ್ಪಟೆ. ನಾಲ್ಕು ಜನ ಹೊತ್ತುಕೊಂಡು ಬಂದರು. ಪಾಲಾಕ್ಷನೇ ವೈರು ಜೋಡಿಸಿಕೊಟ್ಟ, ಎಷ್ಟು ಕೊಡಹೋದರೂ ಕೂಲಿ ತೆಗೆದುಕೊಳ್ಳಲಿಲ್ಲ.

ನಿನ್ನ ಮಾತು ಎಲ್ಲರಿಗೂ ಹಿಡಿಸಿದೆ. ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುತ್ತದೆ ಎಂಬುದನ್ನು ಕೇಳಿ ಸಿದ್ದಗಂಗಮ್ಮ, "ಇದನ್ನ ನಮ್ಮನೆಯೋರ ತಲೆಗೆ ಹಾಕ್ಸಕ್ಕಾಯ್ತದಾ ಕೇಳ್ರಿ ಮೇಡಂ" ಎಂದಳು.

ಅದು ಸ್ವಲ್ಪ ಸದ್ದು ಮಾಡುತ್ತದೆ. ಫ್ಯಾನಿನದಿರಬೇಕು. ರೆಕಾರ್ಡಿನ ಹಿಂದೆ ಗುಂಯ್ ಎಂದು ಕೇಳಿಸುತ್ತದೆ. ಅದೇನೂ ದೊಡ್ಡದಲ್ಲ, ನಾವು ಹೊಂದಿಕೊಳ್ಳುತ್ತೇವೆ. ಹೋಗಲಾಡಿಸಲು ಸುಲಭದ ದಾರಿ ಇದ್ದರೆ ತಿಳಿಸು. ನಿನ್ನ ಓದಿನ ನಡುವೆ ತೊಂದರೆ ತೆಗೆದುಕೊಳ್ಳಬೇಡ.

ವನಜಾಕ್ಷಿ


ವಾರಂಗಲ್
14 ಆಗಸ್ಟ್ 2024

ಪೂಜ್ಯ ಮೇಡಂ ಅವರಿಗೆ,

ಫ್ಯಾನಿನ ಸದ್ದು ಕ್ಷುಲ್ಲಕ ವಿಷಯ. ಈ ಪತ್ರದೊಂದಿಗೆ ಇಟ್ಟಿರುವ ಪೆನ್‌ಡ್ರೈವಿನಲ್ಲಿ ಧ್ವನಿಯನ್ನು ಶುದ್ಧಗೊಳಿಸುವ ಪ್ರೋಗ್ರಾಂ ಇದೆ. ಸಂಜೆ ಎಲ್ಲ ಫೈಲುಗಳನ್ನು ಅದಕ್ಕೆ ಒಪ್ಪಿಸಿ ಮನೆಗೆ ಹೋಗಿರಿ. ಇಪ್ಪತ್ತೆರಡು ಕೋರ್‌ಗಳೂ ಸೇರಿ ಬೆಳಗಾಗುವುದರೊಳಗೆ ಮುಗಿಸುತ್ತವೆ. ಎಂಟು ಕೋರಿನ ಆಟಿಕೆಯಿಂದ ಈ ಕೆಲಸ ಆಗುತ್ತಿರಲಿಲ್ಲ.

ಸೆಟ್ಟಿಂಗುಗಳನ್ನು ನಾನೇ ಸಿದ್ಧಪಡಿಸಿದ್ದೇನೆ, ದಯವಿಟ್ಟು ಯಾರೂ ಮುಟ್ಟಬಾರದು. ಗುಂಯ್‌ಗುಡುವಿಕೆ, ಟಕ್ಕೆನ್ನುವ ಸದ್ದುಗಳು, ಉಸಿರಿನ ಸದ್ದು, ಎಲ್ಲ ಕೊಳೆಯನ್ನೂ ಯಂತ್ರವೇ ತೆಗೆಯುತ್ತದೆ. ತಾವು ಈ ವಯಸ್ಸಿನಲ್ಲಿ ಪರದೆಯ ಮುಂದೆ ಕಣ್ಣು ಕೆಂಪಗೆ ಮಾಡಿಕೊಂಡು ಕೂರುವ ಅಗತ್ಯವಿಲ್ಲ. ಶುದ್ಧ ಪ್ರತಿ ಬಂದ ಮೇಲೆ ಮೂಲ ರೆಕಾರ್ಡುಗಳನ್ನು ಅಳಿಸಿಬಿಡಿ. ಸುಮ್ಮನೆ ಜಾಗ ತಿನ್ನುತ್ತವೆ.

ಮಧುಶ್ರೀ


ಮಿಡಿಗೇಶಿ
30 ಸೆಪ್ಟೆಂಬರ್ 2024

ಪ್ರೀತಿಯ ಮಧುಶ್ರೀ,

ನೀನು ಹೇಳಿದಂತೆಯೇ ಮಾಡಿದೆವು. ಬೆಳಿಗ್ಗೆ ಹೋಗಿ ನೋಡಿದರೆ ಪರದೆಯ ಮೇಲೆ ಒಂದು ಮುಳ್ಳೂ ಇಲ್ಲ, ತೊಳೆದಿಟ್ಟ ಅಕ್ಕಿಯ ಹಾಗಿತ್ತು. ನನ್ನ ಕತ್ತರಿಗೆ ಕೆಲಸ ತಪ್ಪಿತು. ತಿಂಗಳಿಗೆ ಮೂರು ಪಾಠ ಮುಗಿಸುತ್ತಿದ್ದವರು ಈಗ ಎಂಟು ಮುಗಿಸುತ್ತಿದ್ದೇವೆ.

ವಿಜ್ಞಾನದ ಪುಸ್ತಕ ಪೂರ್ತಿ ಗಂಗಲಕ್ಷ್ಮಿಯ ಕೈ ಸೇರಿದೆ. ಆಗಲೇ ಐದು ಪಾಠ ಬಾಯಿಪಾಠ. ಎಮ್ಮೆ ಮೇಯಿಸಲು ಕೆರೆ ಏರಿಗೆ ಹೋಗುವಾಗಲೂ ಕಿವಿಯಲ್ಲಿ ಅದೇ. "ಸಿದ್ದಗಂಗಕ್ಕ ಉಸಿರೇ ಬುಡದಂಗೆ ಓದ್ತಾರಲ್ಲ ಮೇಡಂ, ಅವ್ರಿಗೆ ಮೂಗಿಲ್ವಾ?" ಎಂದು ಕೇಳಿದಳು. ಉಸಿರನ್ನೂ ನಿನ್ನ ಯಂತ್ರ ತೆಗೆದಿದೆ ಎಂದು ಹೇಳಿದೆ. ಬಹಳ ನಕ್ಕಳು.

ಯಂತ್ರ ಚಾಲೂ ಆಗಲು ಏಳೆಂಟು ನಿಮಿಷ ಬೇಕು. ಅದಕ್ಕೇ ಆರಿಸುವುದಿಲ್ಲ. ಉಳಿದಂತೆ ಎಲ್ಲ ಸರಿಯಾಗಿದೆ.

ವನಜಾಕ್ಷಿ


ವಾರಂಗಲ್
12 ಅಕ್ಟೋಬರ್ 2024

ಪೂಜ್ಯ ಮೇಡಂ ಅವರಿಗೆ,

ಒಂದು ಸಂತೋಷದ ಸಂಗತಿ. ನಮ್ಮ ಸಂಸ್ಥೆಯ ಉಪನ್ಯಾಸ ಸ್ಪರ್ಧೆಯಲ್ಲಿ ಬಳಗದ ಯಂತ್ರವನ್ನೇ ವಿಷಯವಾಗಿಸಿಕೊಂಡು ಮಾತನಾಡಿದೆ. ಹೆಸರು 'ಹಳ್ಳಿಗೊಂದು ಸರ್ವರ್'. ಪ್ರಥಮ ಬಹುಮಾನ ಬಂದಿತು. ಯಂತ್ರದ ಪಕ್ಕದಲ್ಲಿ ತಾವೆಲ್ಲರೂ ನಿಂತಿರುವ ಒಂದು ಭಾವಚಿತ್ರವನ್ನು ಕಳುಹಿಸಿಕೊಟ್ಟರೆ ಉಪಕಾರವಾದೀತು. ಗಂಗಲಕ್ಷ್ಮಿಯೂ ಇದ್ದರೆ ಇನ್ನೂ ಉತ್ತಮ.

ಮಧುಶ್ರೀ


ಮಿಡಿಗೇಶಿ
4 ಫೆಬ್ರವರಿ 2025

ಮಧುಶ್ರೀ,

ನಾಲ್ಕು ತಿಂಗಳು ಬರೆಯಲಿಲ್ಲ. ಭಾವಚಿತ್ರವನ್ನೂ ಕಳಿಸಲಿಲ್ಲ. ಆ ಯಂತ್ರದ ಪಕ್ಕದಲ್ಲಿ ಗಂಗಲಕ್ಷ್ಮಿಯನ್ನು ನಿಲ್ಲಿಸಲು ನನಗೆ ಮನಸ್ಸು ಬರಲಿಲ್ಲ, ಒಮ್ಮೆ ಇಲ್ಲಿಗೆ ಬಂದಾಗ ಅದರ ಸದ್ದಿಗೆ ಅವಳು ಕಿವಿ ಮುಚ್ಚಿಕೊಂಡು ಹೊರಗೆ ಓಡಿದ್ದಳು. ಸ್ವಲ್ಪ ಸದ್ದು ಎಂದು ನಾನು ನಿನಗೆ ಬರೆದದ್ದು ಸುಳ್ಳು. ಕಲ್ಲಿನ ಕೋಣೆಯಲ್ಲಿ ಅದು ರಾಗಿ ಗಿರಣಿಯ ಹಾಗೆ ಕೂಗುತ್ತದೆ. ಒಬ್ಬರ ಮಾತು ಒಬ್ಬರಿಗೆ ಕೇಳುವುದಿಲ್ಲ. ನೀನು ನೊಂದುಕೊಳ್ಳುತ್ತೀಯೆಂದು ಮುಚ್ಚಿಟ್ಟೆ.

ಈಗ ಬರೆಯುತ್ತಿರುವುದು ಅದಕ್ಕಿಂತ ದೊಡ್ಡ ತಪ್ಪಿನ ವಿಚಾರ. ಜನವರಿಯಲ್ಲಿ ಪೂರ್ವಸಿದ್ಧತಾ ಪರೀಕ್ಷೆ ನಡೆಯಿತು. ಸತುವಿನ ಚೂರಿಗೆ ಆಮ್ಲ ಹಾಕಿದರೆ ಏನಾಗುತ್ತದೆಂಬ ಪ್ರಶ್ನೆಗೆ ಗಂಗಲಕ್ಷ್ಮಿ, ಹೊರಬರುವ ಅನಿಲ ಸುಣ್ಣದ ತಿಳಿನೀರನ್ನು ಹಾಲಿನಂತೆ ಮಾಡುತ್ತದೆ ಎಂದು ತನ್ನ ಪರವಾಗಿ ಬರೆಯುವ ಹುಡುಗಿಯ ಕೈಯಲ್ಲಿ ಬರೆಸಿದಳು. ಅವರ ವಿಜ್ಞಾನದ ಮೇಷ್ಟ್ರು ಲಕ್ಷ್ಮೀಪತಿ ತರಗತಿಯಲ್ಲಿ, "ಏನಮ್ಮ, ಸತುವಿಗೆ ಸುಣ್ಣ ಬಳ್ದಿದ್ದೀಯಲ್ಲ, ಮನೇಲಿ ಮದ್ವೆ ಐತಾ?" ಎಂದರಂತೆ. ಇವಳು ಎದ್ದು ನಿಂತು, "ಪುಸ್ತಕದಲ್ಲಿ ಹಂಗೇ ಐತೆ ಸಾರ್. ಬೇಕಾದ್ರೆ ಓದ್ಸಿ" ಎಂದಳು. ಅವರು ಓದಿಸಿದರು. ಪುಸ್ತಕದಲ್ಲಿ ಹಾಗಿರಲಿಲ್ಲ. ಹೈಡ್ರೋಜನ್ ಬರುತ್ತದೆ, ಬೆಂಕಿ ಹಿಡಿದರೆ ಪಟ್ಟೆಂದು ಉರಿಯುತ್ತದೆ ಎಂದಿತ್ತು. ಇಡೀ ತರಗತಿ ನಕ್ಕಿತು.

ಅವಳು ಆ ಪಾಠವನ್ನು ನನಗೆ ಕೇಳಿಸಿದಳು. ಸಿದ್ದಗಂಗಮ್ಮ ಎರಡು ಹಾಳೆ ಒಟ್ಟಿಗೆ ಮಗುಚಿ, ಸತುವಿನಿಂದ ಸುಣ್ಣದ ನೀರಿಗೆ ಹಾರಿದ್ದಾಳೆ. ತಪ್ಪು ತಿಳಿದು ಬೀಜ ಕುಟ್ಟಿ, ಮೊದಲಿನಿಂದ ಓದಿದ್ದಾಳೆ. ಆ ಟಕ್ ಸದ್ದನ್ನು ನಿನ್ನ ಪ್ರೋಗ್ರಾಂ ಕೊಳೆಯೆಂದು ತೆಗೆದಿದೆ. ತಪ್ಪು ಮಾತ್ರ ಸರಿಯಾದುದರ ಮುಂದೆ ಹಾಗೆಯೇ ಉಳಿದಿದೆ, ಅವಳು ಎರಡನ್ನೂ ಪುಸ್ತಕದ್ದೇ ಎಂದು ನಂಬಿ, ಮೊದಲು ಕೇಳಿದ್ದನ್ನು ಬರೆಸಿದ್ದಾಳೆ. ನಾವು ಮೂಢರು, ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುವ ಯಂತ್ರವಲ್ಲವೇ, ನಮ್ಮ ತಪ್ಪನ್ನೂ ಅದೇ ಕತ್ತರಿಸಿದೆ ಎಂದು ನಂಬಿದೆವು. ಒಮ್ಮೆಯೂ ಪೂರ್ತಿ ಕೇಳಿ ನೋಡಲಿಲ್ಲ. ಈಗ ಕೇಳಿದರೆ ವಿಜ್ಞಾನವೊಂದರಲ್ಲೇ ಇಪ್ಪತ್ತಮೂರು ಕಡೆ ಹೀಗಾಗಿದೆ. ಮೂಲ ರೆಕಾರ್ಡುಗಳಿಲ್ಲ.

ಗಂಗಲಕ್ಷ್ಮಿ ಮೆಮೊರಿ ಕಾರ್ಡನ್ನು ಬೆಂಕಿಪೊಟ್ಟಣದಲ್ಲಿಟ್ಟು ವಾಪಸು ಕಳಿಸಿದ್ದಾಳೆ. ವಿಜ್ಞಾನದ ಪರೀಕ್ಷೆಗೆ ಹೋಗುವುದಿಲ್ಲವಂತೆ.

ವನಜಾಕ್ಷಿ


ವಾರಂಗಲ್
11 ಫೆಬ್ರವರಿ 2025

ಪೂಜ್ಯ ಮೇಡಂ ಅವರಿಗೆ,

ನಡೆದುದಕ್ಕೆ ವಿಷಾದಿಸುತ್ತೇನೆ. ಆದರೆ ಎರಡು ಅಂಶಗಳನ್ನು ಸ್ಪಷ್ಟಪಡಿಸಬೇಕಾಗಿದೆ. ಒಂದು, ಮೆಮೊರಿಯ ತಪ್ಪು ಬೇರೆ, ಓದುವವರ ತಪ್ಪು ಬೇರೆ. ಯಂತ್ರವು ಓದುವವರನ್ನು ತಿದ್ದುತ್ತದೆಂದು ನಾನು ಎಲ್ಲಿಯೂ ಬರೆದಿಲ್ಲ. ಎರಡು, ಹಂಚುವ ಮೊದಲು ಪುಸ್ತಕದೊಂದಿಗೆ ಒಮ್ಮೆ ಹೋಲಿಸಿ ಕೇಳುವುದು ಯಾರಿಗಾದರೂ ತೋಚಬೇಕಾದ ಎಚ್ಚರ. ಪ್ರೊಸೆಸರಿನ ಆಯ್ಕೆಯಲ್ಲಿ ದೋಷವಿರಲಿಲ್ಲ.

ಮಧುಶ್ರೀ


ವಾರಂಗಲ್
12 ಫೆಬ್ರವರಿ 2025

ಮೇಡಂ,

ನಿನ್ನೆಯ ಪತ್ರ ನಿಮ್ಮನ್ನು ತಲುಪುವುದನ್ನು ತಡೆಯಲು ಬೆಳಿಗ್ಗೆ ಅಂಚೆ ಕಚೇರಿಗೆ ಓಡಿದೆ. ಚೀಲ ಹೊರಟುಹೋಗಿತ್ತು. ಅದನ್ನು ಓದಿದ ಮೇಲೆ ಇದನ್ನೂ ಓದಿರಿ.

ನಿಮ್ಮ ಮೊದಲ ಪತ್ರವನ್ನು ತೆಗೆದು ನೋಡಿದೆ. ಹುಣಸೆಬೀಜ ಏಕೆ, ಟಕ್ ಸದ್ದು ಏಕೆ, ಕತ್ತರಿ ಎಲ್ಲಿ ಹಾಕುತ್ತೀರಿ, ಎಲ್ಲವನ್ನೂ ನೀವು ಬರೆದಿದ್ದಿರಿ. ನಾನು ನಕ್ಕು ಮುಂದೆ ಹೋಗಿದ್ದೆ. ಟಕ್ಕೆನ್ನುವ ಸದ್ದುಗಳನ್ನು ತೆಗೆಯುವ ಗುರುತನ್ನು ಒತ್ತಿದವಳು ನಾನು. ಯಾರೂ ಮುಟ್ಟಬಾರದು ಎಂದವಳೂ ನಾನೇ. ಮೂಲವನ್ನು ಅಳಿಸಲು ಹೇಳಿದವಳೂ ನಾನೇ. ಕಣ್ಣಿಲ್ಲದ ಹುಡುಗಿಯೊಬ್ಬಳು ತರಗತಿಯ ನಡುವೆ ಪುಸ್ತಕವನ್ನು ಸಾಕ್ಷಿಗೆ ಕರೆದು ನಗೆಪಾಟಲಾದಳು. ಆ ಸಾಕ್ಷಿಯನ್ನು ಕೆಡಿಸಿದ ಕೈ ನನ್ನದು.

ಇನ್ನೂ ಎರಡು ಸಂಗತಿಗಳನ್ನು ಹೇಳಬೇಕು, ಹೇಳದಿದ್ದರೆ ಈ ಪತ್ರವೂ ನಿನ್ನೆಯದರ ಹಾಗೆಯೇ ಆಗುತ್ತದೆ. ನಿಮಗೆ ಅಭಿಪ್ರಾಯ ಬರೆದ ದಿನದವರೆಗೆ ನಾನು ಸರ್ವರ್ ಯಂತ್ರವನ್ನು ಕಣ್ಣಿನಿಂದ ಕಂಡಿರಲಿಲ್ಲ. ಎರಡು ಪ್ರೊಸೆಸರುಗಳ ಅಂಕಿಗಳನ್ನು ಎರಡು ಸಾಲಿನಲ್ಲಿ ಬರೆದು, ದೊಡ್ಡ ಅಂಕಿಗೆ ಸುತ್ತು ಹಾಕಿದ್ದೆ. ಪರೀಕ್ಷೆಯಲ್ಲಿ ನನಗೆ ಯಾವಾಗಲೂ ದಕ್ಕಿದ ಉಪಾಯವದು. ಅವೇ ಅಂಕಿಗಳಲ್ಲಿ ಒಂದೊಂದು ಕೋರಿನ ವೇಗವೂ ಇತ್ತು. ಅಲ್ಲಿ ಗೇಮಿಂಗ್ ಪ್ರೊಸೆಸರ್ ಇದಕ್ಕಿಂತ ಎರಡು ಪಟ್ಟು ಮುಂದಿತ್ತು. ಆ ಸಾಲನ್ನು ನಿಮಗೆ ಬರೆಯಲಿಲ್ಲ.

ಎರಡನೆಯದನ್ನು ಬರೆಯಲು ಕೈ ಬರುತ್ತಿಲ್ಲ. ನವೆಂಬರಿನಲ್ಲಿ ನಮ್ಮ ಸಂಸ್ಥೆಯ ಸರ್ವರ್ ಕೋಣೆಗೆ ನಮ್ಮನ್ನು ಕರೆದೊಯ್ದರು. ಬಾಗಿಲಿನಲ್ಲಿಯೇ ಕಿವಿಗೆ ಹಾಕಿಕೊಳ್ಳುವ ಮುಚ್ಚಳ ಕೊಟ್ಟರು. ಆ ಸದ್ದಿನ ನಡುವೆ ನಿಂತಾಗ ನಿಮ್ಮ ಕಲ್ಲಿನ ಕೋಣೆ ನೆನಪಾಯಿತು. ಸ್ವಲ್ಪ ಸದ್ದು ಎಂದು ನೀವು ಏಕೆ ಬರೆದಿದ್ದಿರೆಂಬುದು ಆ ಕ್ಷಣವೇ ತಿಳಿಯಿತು. ಅಂದೇ ನಿಮಗೆ ಬರೆಯಬಹುದಿತ್ತು. ಬಹುಮಾನದ ಫಲಕ ಮೇಜಿನ ಮೇಲಿತ್ತು. ಬರೆಯಲಿಲ್ಲ.

ಗಂಗಲಕ್ಷ್ಮಿ ಏನು ಹೇಳಿದರೆ ಅದನ್ನು ಮಾಡುತ್ತೇನೆ. ಪರೀಕ್ಷೆಯನ್ನು ಮಾತ್ರ ಬಿಡಬಾರದೆಂದು ಹೇಳಿರಿ. ಹೇಳಲು ನನಗೆ ಯೋಗ್ಯತೆಯಿಲ್ಲ, ನೀವು ಹೇಳಿರಿ.

ಮಧುಶ್ರೀ


ಮಿಡಿಗೇಶಿ
19 ಫೆಬ್ರವರಿ 2025

ಪ್ರೀತಿಯ ಮಧುಶ್ರೀ,

ಎರಡು ಪತ್ರಗಳೂ ಒಂದೇ ದಿನ ಬಂದವು. ಮೊದಲನೆಯದನ್ನು ಸಭೆಯಲ್ಲಿ ಓದಲಿಲ್ಲ. ಈ ಮಾತನ್ನು ಏಕೆ ಹೇಳಬೇಕಾಯಿತೆಂದರೆ, ಬಳಗಕ್ಕೆ ಬಂದ ಕಾಗದವನ್ನು ಸಭೆಯಲ್ಲಿ ಪೂರ್ತಿ ಓದುವುದು ನಮ್ಮಲ್ಲಿ ರೂಢಿ. ಜುಲೈಯ ನಿನ್ನ ಪತ್ರವನ್ನು ಓದಿದ ದಿನ ಪಾಲಾಕ್ಷ ಅಲ್ಲಿಯೇ ಕೂತಿದ್ದ. ಕುತ್ತಿಗೆ ಚಾಚಿದ ಸಾಲು ಬರುವ ಹೊತ್ತಿಗೆ ನನಗೆ ನಿಲ್ಲಿಸಲು ಆಗಲಿಲ್ಲ. ಎಲ್ಲರೂ ಅವನ ಮುಖ ನೋಡಿದರು. ಅವನು, "ಹೌದು ಮೇಡಂ, ಇಣುಕ್ತಿದ್ದೆ. ಆಯಮ್ಮ ಯಾವತ್ತೂ ಕೈ ಅಡ್ಡ ಇಟ್ಕಂಡೋಳಲ್ಲ" ಎಂದ.

ಈಗ ಕೇಳಿದರೆ, "ನಿಮ್ ಕೆಲ್ಸಕ್ಕೆ ಜೋರಾಗಿ ಓಡೋನು ಒಬ್ಬ ಬೇಕಾಗಿತ್ತು ಮೇಡಂ. ಮೆಲ್ಲಗೆ ನಡಿಯೋರು ಇಪ್ಪತ್ತೆರಡು ಜನ ಬಂದವ್ರೆ, ಅದೂ ಬಾಯಿ ಬಡ್ಕಂಡು" ಎನ್ನುತ್ತಾನೆ. ಜುಲೈಯಲ್ಲಿಯೇ ಅವನನ್ನು ಕೂರಿಸಿ ಕೇಳಬಹುದಿತ್ತು. ಮೊದಲ ದರ್ಜೆಯವಳ ಕಾಗದ ಕೈಯಲ್ಲಿದ್ದಾಗ ಅಂಗಡಿಯವನನ್ನು ಏನು ಕೇಳುವುದೆಂದು ನನಗೂ ಅನ್ನಿಸಿತ್ತು. ನಿನ್ನೊಬ್ಬಳ ತಪ್ಪಲ್ಲ.

ಮದಲೂರಿಗೆ ಹೋಗಿದ್ದೆ. ಗಂಗಲಕ್ಷ್ಮಿ ಹೇಳಿದ್ದನ್ನು ಅವಳ ಮಾತಿನಲ್ಲಿಯೇ ಬರೆಯುತ್ತೇನೆ. "ಆಯಕ್ಕನ ಮಿಷನ್ನ ನಾನೇನು ನಂಬಿರ್ಲಿಲ್ಲ ಮೇಡಂ. ಸಿದ್ದಗಂಗಕ್ಕನ ದನಿ ನಂಬಿದ್ದೆ. ಈಗ ಅವ್ರು 'ಊಟ ಮಾಡ್ದಾ' ಅಂದ್ರೂ ಇದು ನಿಜ್ವಾ ಅಂತ ಅನ್ನುಸ್ತದೆ. ಪರೀಕ್ಷೆಗೆ ಹೋಗ್ಬೇಕು ಅಂದ್ರೆ ಕಾರ್ಡು ಬ್ಯಾಡ, ಮಿಷನ್ನು ಬ್ಯಾಡ. ಆಯಕ್ಕನೇ ಬಂದು ನನ್ನೆದುರಿಗೆ ಕೂತ್ಕಂಡು ಓದ್ಲಿ. ಒಂದೊಂದು ಸಾಲೂ ಎರಡೆರಡು ಸರ್ತಿ. ಫಸ್ಟ್ ಕ್ಲಾಸಿನೋರು ಹೆಂಗೆ ಓದ್ತಾರೆ ನೋಡೇಬುಡನ."

ವಿಜ್ಞಾನದ ಪರೀಕ್ಷೆಗೆ ಆರು ವಾರ ಉಳಿದಿದೆ.

ವನಜಾಕ್ಷಿ


ವಾರಂಗಲ್
24 ಮಾರ್ಚ್ 2025

ಪ್ರೀತಿಯ ಮೇಡಂ,

ಮದಲೂರಿನ ಹದಿನೆಂಟು ದಿನಗಳಲ್ಲಿ ನಿಮ್ಮೊಂದಿಗೆ ಮನಬಿಚ್ಚಿ ಮಾತನಾಡಲು ಆಗಲಿಲ್ಲ. ನೀವು ಬಂದಾಗಲೆಲ್ಲ ಗಂಗಲಕ್ಷ್ಮಿ, "ಮಾತು ಆಮೇಲೆ, ಅಕ್ಕನ ಗಂಟ್ಲು ಉಳುಸ್ಕಬೇಕು" ಎಂದು ನಿಮ್ಮನ್ನು ಅಟ್ಟಿಬಿಡುತ್ತಿದ್ದಳು.

ಮೊದಲ ದಿನ ನಾನು ಸೊಗಸಾಗಿ, ವೇಗವಾಗಿ ಓದಿದೆ. ಅವಳು ಕೈ ಎತ್ತಿದಳು. "ಅಕ್ಕಾ, ಒಂದು ಸಾಲು ನುಂಗುದ್ರಿ." ಇಲ್ಲವೆಂದೆ. ಪುಸ್ತಕ ನೋಡಿದರೆ ನಿಜವಾಗಿಯೂ ಒಂದು ಸಾಲು ಹಾರಿಸಿದ್ದೆ. ಹೇಗೆ ತಿಳಿಯಿತೆಂದು ಕೇಳಿದರೆ, "ಆಮೇಲೆ ಬಂದ ಮಾತಿಗೆ ಅಮ್ಮ ಇರ್ಲಿಲ್ಲ" ಎಂದಳು. ಅಂದಿನಿಂದ ಬೆರಳಿಟ್ಟು ಓದಿದೆ, ಒಂದನೆಯ ತರಗತಿಯ ಮಗುವಿನ ಹಾಗೆ. ಇಪ್ಪತ್ತಮೂರು ಜಾಗಗಳನ್ನೂ ಒಂದೊಂದಾಗಿ ತಿದ್ದಿದೆವು. ಸತುವಿನ ಪಾಠವನ್ನು ಅವಳು ಕೊನೆಯ ದಿನ ತಡೆಯಿಲ್ಲದೆ ಒಪ್ಪಿಸಿದಳು. ಅವಳ ತಾಯಿ ಬಸ್ಸಿಗೆಂದು ಕಡ್ಲೆಕಾಯಿ ಕಟ್ಟಿಕೊಟ್ಟರು. ನನ್ನಿಂದ ಏನಾಯಿತೆಂಬುದು ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಕೊಟ್ಟರು.

ಪಾಲಾಕ್ಷನ ಅಂಗಡಿಗೂ ಹೋಗಿದ್ದೆ. ಬಸ್ಸಿನಲ್ಲಿ ಕೂತು ಕ್ಷಮೆಯ ವಾಕ್ಯಗಳನ್ನು ಜೋಡಿಸಿಕೊಂಡಿದ್ದೆ. ಅವನು ಯಾವುದೋ ಪೆಟ್ಟಿಗೆಯ ಧೂಳು ಊದುತ್ತಿದ್ದವನು ತಲೆಯೆತ್ತಿ, "ಓ, ಟೀ ಕುಡೀತೀಯಾ?" ಎಂದ. ನನ್ನ ವಾಕ್ಯಗಳೆಲ್ಲ ಕಲಸಿಹೋದವು. ಟೀ ಬಂದ ಮೇಲೆ, "ತಪ್ಪಾಯ್ತು ಕಣೋ" ಎಂದಷ್ಟೇ ಹೇಳಿದೆ. "ಬುಡು ಅತ್ಲಾಗೆ. ಆ ಸರ್ವರ್ರು ಏನ್ ಕೆಟ್ಟದ್ದಲ್ಲ. ಪಂಚಾಯ್ತಿ ಆಫೀಸಿನ ಹಿಂದಿನ ರೂಮಿಗೆ ಹಾಕಿದ್ರೆ ಹತ್ತು ವರ್ಷ ದುಡೀತದೆ. ಜಾಗ ತಪ್ಪಿತ್ತು ಅಷ್ಟೇಯ" ಎಂದ. ಬಳಗಕ್ಕೆ ಈಗ ಅವನು ಹೊಸದಾಗಿ ಜೋಡಿಸಿಕೊಟ್ಟಿರುವ ಗೇಮಿಂಗ್ ಯಂತ್ರದ ದೀಪಗಳ ವೈರನ್ನು ಕಿತ್ತುಹಾಕಿದ್ದಾನೆ. ಏಕೆಂದು ಕೇಳಿದೆ. "ನಿಂಗೆ ಬಣ್ಣದ ದೀಪ ಆಗಕ್ಕಿಲ್ವಲ್ಲ" ಎಂದ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಗಬೇಕಾಯಿತು.

ಈಗ ಮನಸ್ಸು ಹಗುರವಾಗಿದೆ ಮೇಡಂ. ಮಾಡಿದ ತಪ್ಪನ್ನು ತಿದ್ದಿ ಬಂದಿದ್ದೇನೆಂದು ಧೈರ್ಯವಾಗಿ ಹೇಳಬಲ್ಲೆ. ಇನ್ನು ಅವಳ ಫಲಿತಾಂಶಕ್ಕಾಗಿ ಕಾಯುತ್ತೇನೆ.

ಮಧುಶ್ರೀ


ಮಿಡಿಗೇಶಿ
10 ಮೇ 2025

ಪ್ರೀತಿಯ ಮಧುಶ್ರೀ,

ತಾನು ಪಾಸಾದುದನ್ನು ಗಂಗಲಕ್ಷ್ಮಿ ನಿನಗೆ ಫೋನಿನಲ್ಲಿ ತಿಳಿಸಿದ್ದಾಳೆ. ವಿಜ್ಞಾನದಲ್ಲಿ ಎಂಬತ್ತಕ್ಕೆ ನಲವತ್ತೊಂಬತ್ತು. ಲಕ್ಷ್ಮೀಪತಿ ಮೇಷ್ಟ್ರು ಮನೆಗೇ ಬಂದು ಶಹಬ್ಬಾಸ್ ಎಂದರು. ಇವಳು, "ಸುಣ್ಣ ಬಳಿಯೋಕೆ ಬಂದ್ರಾ ಸಾರ್?" ಎಂದಳು.

ಅವಳು ನಿನಗೆ ಹೇಳದಿರುವ ಒಂದು ವಿಷಯವಿದೆ. ನಿನ್ನೆ ನನಗೆ ಹೇಳಿದಳು. ಪರೀಕ್ಷೆಯಲ್ಲಿ ಸತುವಿನ ಪ್ರಶ್ನೆ ಬಂದಿತ್ತು. ಮೂರು ಅಂಕಕ್ಕೆ.

"ಬರೆಯೋ ಹುಡುಗಿ ಸತು ಅಂತ ಓದಿದ ತಕ್ಷಣ ಸಿದ್ದಗಂಗಕ್ಕನ ದನಿ ಬಂತು ಮೇಡಂ. ಅಷ್ಟು ತಿಂಗ್ಳು ಕೇಳಿದ್ದು ಅದನ್ನೇ ಅಲ್ವಾ. ಸುಣ್ಣದ ನೀರು ಹಾಲಾಯ್ತದೆ ಅಂದ್ಬುಟ್ಟೆ. ಮಧು ಅಕ್ಕ ಓದಿದ್ದು ಆಮೇಲೆ ಬಂತು, ಅಷ್ಟೊತ್ತಿಗೆ ಆ ಹುಡುಗಿ ಬರ್ದಾಗಿತ್ತು."

ಹೊಡೆದುಹಾಕಿಸಿ ಸರಿಯಾದುದನ್ನು ಬರೆಸಬಹುದಿತ್ತಲ್ಲ ಎಂದೆ.

"ಬರಸ್ಬೋದಿತ್ತು. ಆದ್ರೆ ಎರಡರಲ್ಲಿ ಯಾವ್ದು ಪುಸ್ತಕದ್ದು ಅಂತ ಆವಾಗ ನಂಗೇ ನಂಬ್ಕೆ ಬರ್ಲಿಲ್ಲ. ಅದಾದ್ಮೇಲೆ ಬಂದ ಪ್ರಶ್ನೆಗಳಲ್ಲೂ ಹಂಗೇ. ಗೊತ್ತಿರೋದನ್ನೂ ಹೇಳಕ್ಕೆ ಹೆದರ್ಕಂಡು ನಾಲ್ಕು ಬಿಟ್ಬುಟ್ಟೆ. ಅಕ್ಕಂಗೆ ಹೇಳ್ಬೇಡಿ ಮೇಡಂ. ಪಾಪ, ಗಂಟ್ಲು ಹರ್ಕಂಡು ಓದವ್ರೆ. ನೊಂದ್ಕತಾರೆ."

ಹೇಳುವುದಿಲ್ಲವೆಂದು ಅವಳಿಗೆ ಮಾತು ಕೊಟ್ಟೆ. ರಾತ್ರಿಯೆಲ್ಲ ಯೋಚಿಸಿ ಆ ಮಾತನ್ನು ಮುರಿಯುತ್ತಿದ್ದೇನೆ. ನೀನು ನೊಂದುಕೊಳ್ಳುತ್ತೀಯೆಂದು ಒಮ್ಮೆ ಮುಚ್ಚಿಟ್ಟದ್ದರಿಂದ ಏನಾಯಿತೆಂಬುದನ್ನು ನೋಡಿದ್ದೇನೆ.

ವನಜಾಕ್ಷಿ


ವಾರಂಗಲ್
17 ಮೇ 2025

ಮೇಡಂ,

ನಿಮ್ಮ ಪತ್ರ ಬಂದು ಎರಡು ದಿನವಾಯಿತು. ಏನನ್ನು ಬರೆದರೂ ಅದು ನನ್ನನ್ನು ನಾನೇ ಸಮಾಧಾನಪಡಿಸಿಕೊಳ್ಳುವ ವಾಕ್ಯವಾಗಿಬಿಡುತ್ತಿದೆ. ಹಲವು ಹಾಳೆಗಳನ್ನು ಹರಿದೆ.

ತಪ್ಪನ್ನು ತಿದ್ದಿ ಬಂದಿದ್ದೇನೆಂದು ಮಾರ್ಚಿನಲ್ಲಿ ಬರೆದಿದ್ದೆ. ನಾನು ತಿದ್ದಿದ್ದು ಇಪ್ಪತ್ತಮೂರು ಜಾಗಗಳನ್ನು. ತನಗೆ ಗೊತ್ತಿರುವುದು ತನಗೆ ಗೊತ್ತಿದೆ ಎಂಬ ಅವಳ ಧೈರ್ಯವನ್ನು ನಾನು ಎಲ್ಲಿ ಕೆಡಿಸಿದೆನೋ ಅಲ್ಲಿಗೆ ನನ್ನ ಬೆರಳು ಹೋಗಲೇ ಇಲ್ಲ. ಅದನ್ನು ತರಗತಿಯಲ್ಲಿ ಎದ್ದು ನಿಂತು ಮಾತನಾಡಿದ ಹುಡುಗಿಯಿಂದ ಕಸಿದುಕೊಂಡಿದ್ದೇನೆ. ನನ್ನಲ್ಲಿ ಅಂಥದ್ದು ಬೇಕಾದುದಕ್ಕಿಂತ ಹೆಚ್ಚು ಇತ್ತು.

ಅವಳು ನನ್ನ ಮೇಲೆ ಸಿಟ್ಟಾಗಿರುವಳೆಂದು ಫೆಬ್ರವರಿಯಲ್ಲಿ ಹೆದರಿದ್ದೆ. ಆ ಹೆದರಿಕೆಯನ್ನು ಹೇಗೋ ತಡೆದುಕೊಂಡೆ. ನಾನು ನೊಂದುಕೊಳ್ಳುತ್ತೇನೆಂದು ಅವಳು ಹೆದರಿದ್ದಾಳೆಂಬುದನ್ನು ತಡೆದುಕೊಳ್ಳಲು ಆಗುತ್ತಿಲ್ಲ. ಎಲ್ಲರೂ ನನ್ನನ್ನು ಹೀಗೆಯೇ ಕಾಪಾಡಿದಿರಿ, ನೀವು ಸದ್ದನ್ನು ಮುಚ್ಚಿಟ್ಟಿರಿ, ಪಾಲಾಕ್ಷ ಅವಮಾನವನ್ನು ನುಂಗಿದ. ಈಗ ಹದಿನಾರು ವರ್ಷದ ಹುಡುಗಿಯೂ ಅದನ್ನೇ ಕಲಿತಿದ್ದಾಳೆ.

ಇದೊಂದು ಉಪಕಾರ ಮಾಡಿರಿ. ನೀವು ಮಾತು ಮುರಿದಿರೆಂದೂ, ನನಗೆ ತಿಳಿಯಿತೆಂದೂ ಅವಳಿಗೆ ಹೇಳಿರಿ. ಆ ಮೂರು ಅಂಕ ನನ್ನದು, ಬಿಟ್ಟ ನಾಲ್ಕು ಪ್ರಶ್ನೆಗಳೂ ನನ್ನವು. 27ರ ಮಂಗಳವಾರ ರಜೆ ಸಿಗುತ್ತದೆ. ಬುಧವಾರ ಮದಲೂರಿಗೆ ಬರುತ್ತೇನೆ. ಈ ಸಲ ಓದಲು ಬರುತ್ತಿಲ್ಲ. ಅವಳು ಎಂದಿನಂತೆ ನಗಿಸಿ ಕಳಿಸಿಬಿಡಬಾರದು. ನನ್ನೆದುರಿಗೆ ಕೂತು, ಬಾಯಿ ತುಂಬ, ಎಷ್ಟು ಹೊತ್ತಾದರೂ ಸರಿ, ಬೈಯಲು ಹೇಳಿರಿ.

ಮಧುಶ್ರೀ